ದಿನಕ್ಕೊಂದೇ ಸುಳ್ಳು

ಮಹಾದೇವಯ್ಯನವರು ಸುಳ್ಳು ಹೇಳಲು ಬಾರದ ಮನುಷ್ಯ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಅವರ ಕಷ್ಟವೆಲ್ಲ ಹುಟ್ಟಿದ್ದೇ ಅಲ್ಲಿಂದ. ಸುಳ್ಳು ಹೇಳುವ ರೂಢಿ ಇದ್ದವರಿಗೆ ಹೇಳಿದ ಸುಳ್ಳನ್ನು ಯಾವಾಗ ಎಲ್ಲಿ ಕಟ್ಟಿಹಾಕಬೇಕು ಎಂಬುದು ಗೊತ್ತಿರುತ್ತದೆ. ರೂಢಿ ಇಲ್ಲದವರ ಕೈಯಲ್ಲಿ ಅದು ಹಗ್ಗ ಹರಿದುಕೊಂಡ ಹೋರಿಯಂತೆ ಊರೆಲ್ಲ ತಿರುಗುತ್ತದೆ.

ನಮ್ಮೂರು ಇರುವುದು ದೇವಣಿಯಿಂದ ಔರಾದ ಶಹಾಜನಿಗೆ ಹೋಗುವ ದಾರಿಯಲ್ಲಿ. ಆಗ ನಿಜಾಮ ಸರ್ಕಾರದ ಆಳ್ವಿಕೆ, ವಿಲಾಯತಿಯ ಕಡೆ ದೊಡ್ಡ ಲಡಾಯಿ ನಡೆದಿದ್ದ ಕಾಲ. ಊರ ಮಠದ ಪಡಸಾಲೆಯಲ್ಲಿ ಮಹಾದೇವಯ್ಯನವರ ಖಾಸಗಿ ಸಾಲಿ ನಡೆಯುತ್ತಿತ್ತು. ಅವರು ಜಂಗಮರು. ಬೆಳಗ್ಗೆ ಒಂದೆರಡು ಭಕ್ತರ ಮನೆಯ ಪೂಜೆ ಮುಗಿಸಿ ಬಂದು ಮಕ್ಕಳನ್ನು ಕೂಡಿಸಿಕೊಳ್ಳುವರು. ಬಾಯಲ್ಲಿ ಕನ್ನಡ, ಪಾಟಿಯ ಮೇಲೆ ಮರಾಠಿ, ಸರ್ಕಾರದವರು ಎದುರಾದರೆ ಕೈಮುಗಿದು ಮೌನ, ಇದು ಆ ಸಾಲಿಯ ಶಿಕ್ಷಣ ಪದ್ಧತಿ. ಪರವಾನಗಿ ಅಂತೂ ಇರಲಿಲ್ಲ. ಅಧಿಕಾರಿಗಳು ಕಣ್ಣೆತ್ತಿ ನೋಡುವ ತನಕ ಸಾಲಿ ನಡೆಯುತ್ತದೆ, ನೋಡಿದ ದಿನ ಮುಚ್ಚುತ್ತದೆ ಎಂಬ ಭಯ ಅಯ್ಯನವರಿಗೆ ಸದಾ ಇತ್ತು. ದಾರಿಯಲ್ಲಿ ಕುದುರೆಯ ಸಪ್ಪಳ ಕೇಳಿದರೆ ಸಾಕು, ಪಾಟಿ ಮುಚ್ಚಿಟ್ಟು ಭಜನೆ ಶುರುಮಾಡಿರೆಂದು ಮಕ್ಕಳಿಗೆ ಸನ್ನೆ ಮಾಡುವರು. ಸರ್ಕಾರಿ ಸಾಲಿಯಂತೆ ಕಂಡರೆ ಒಳ್ಳೆಯದಾದೀತೆಂದು ಶುಕ್ರವಾರ ರಜೆಯನ್ನೂ ಕೊಡುತ್ತಿದ್ದರು.

ಇಂಥ ಅಂಜುಬುರುಕರು ಒಮ್ಮೆ ಉದಗೀರಕ್ಕೆ ಮದುವೆಗೆ ಹೋದರು. ಅಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ವಕೀಲರೊಬ್ಬರು, ಖರೆ ಯಾವುದು ಸುಳ್ಳು ಯಾವುದು ಎಂದು ಆರಿಸಲು ಕಲಿಸದ ಸಾಲಿ ಸಾಲಿಯೇ ಅಲ್ಲ, ಹೇಳಿದ್ದನ್ನೆಲ್ಲ ನುಂಗುವ ಮಕ್ಕಳು ಮುಂದೆ ನನ್ನಂಥ ವಕೀಲರ ಕೈಗೇ ಸಿಗುತ್ತಾರೆ ಎಂದರು. ಅಯ್ಯನವರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ವಕೀಲರು ಇದನ್ನು ಹೇಗೆ ಕಲಿಸಬೇಕೆಂದು ಹೇಳುವ ಮೊದಲೇ ಹೋಳಿಗೆ ಬಂತು, ಆಮೇಲೆ ಅವರು ಆ ಮಾತು ಎತ್ತಲಿಲ್ಲ. ಆ ಅರ್ಧ ವಿದ್ಯೆಯನ್ನೇ ಹೊತ್ತುಕೊಂಡು ನಮ್ಮ ಅಯ್ಯನವರು ಊರಿಗೆ ಬಂದರು.

ದಾರಿಯುದ್ದಕ್ಕೂ ಯೋಚಿಸಿ ಅವರು ಕಂಡುಕೊಂಡ ಸಿದ್ಧಾಂತ ಹೀಗಿತ್ತು: ಸುಳ್ಳನ್ನು ಆರಿಸಬೇಕಾದರೆ ಮೊದಲು ಯಾರಾದರೂ ಸುಳ್ಳು ಹೇಳಬೇಕು. ಸಾಲಿಯಲ್ಲಿ ಅವರನ್ನು ಬಿಟ್ಟರೆ ಮತ್ತೆ ಯಾರಿದ್ದಾರೆ? ಮರುದಿನವೇ ಮಕ್ಕಳ ಮುಂದೆ ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಿದರು. ಪಾಠದ ನಡುವೆ ದಿನಕ್ಕೊಂದು ಸುಳ್ಳು ಸೇರಿಸುವುದು, ಒಂದೇ ಒಂದು, ಎರಡನೆಯದು ಇಲ್ಲ. ಅದನ್ನು ಮಕ್ಕಳು ಹುಡುಕಬೇಕು. ಸಾಲಿ ಬಿಡುವ ಮುನ್ನ ಯಾವುದೆಂದು ಅವರೇ ಹೇಳುವರು.

ಅಯ್ಯನವರಿಗೆ ಸುಳ್ಳು ಹೊಳೆಯುತ್ತಿರಲಿಲ್ಲ ಎಂಬುದೊಂದೇ ಇದಕ್ಕಿದ್ದ ತೊಡಕು. ಬೆಳಗಿನ ಪೂಜೆಯಲ್ಲಿ ಕೂತಾಗಲೂ ಸುಳ್ಳಿನದೇ ಚಿಂತೆ. ಕೊನೆಗೆ ಅವರ ಹೆಂಡತಿ ಶರಣಬಸಮ್ಮ ಆ ಕೆಲಸ ವಹಿಸಿಕೊಂಡರು. ರೊಟ್ಟಿ ಬಡಿಯುತ್ತ ಬಡಿಯುತ್ತ ಒಂದು ಸುಳ್ಳು ತಯಾರಿಸಿ ಗಂಡನ ಕೈಗೆ ಕೊಡುವರು. ಮಾಂಜರಾ ಹೊಳೆ ಬೀದರದಲ್ಲಿ ಹುಟ್ಟಿ ನಮ್ಮ ಕಡೆ ಹತ್ತಿಕೊಂಡು ಬರುತ್ತದೆ ಎಂಬುದು ಆಕೆಯ ಮೊದಲ ಸುಳ್ಳು. ಹೊಳೆ ನಮ್ಮ ಕಡೆಯಿಂದ ಬೀದರಕ್ಕೆ ಇಳಿಯುವುದೆಂದು ಬಲ್ಲ ಮಕ್ಕಳು ಅದನ್ನು ಕ್ಷಣದಲ್ಲಿ ಹಿಡಿದುಬಿಟ್ಟರು. ಸಾಲಿ ಬಿಟ್ಟ ಮೇಲೂ ಅವರು ಸುಮ್ಮನಿರಲಿಲ್ಲ. ಔರಾದ ಸಂತೆಯಲ್ಲಿ ಊರಲ್ಲೇ ಮಾಡಿದ ಗಾಂವಠಿ ಬೆಲ್ಲ ಎಂದು ಮಾರುವವನ ಮುಂದೆ ನಿಂತು ಇದು ಇವತ್ತಿನ ಸುಳ್ಳೇ ಎಂದು ಕೇಳಿದರು. ಊರಿಗೆಲ್ಲ ಹೆಮ್ಮೆಯಾಯಿತು. ಮಗ ಸಾಲಿ ಕಲಿತು ಬೆಲ್ಲದ ವ್ಯಾಪಾರಿಯ ಮುಖ ಕೆಂಪಗೆ ಮಾಡಿದನೆಂದು ಮುಕ್ತಾಬಾಯಿ ನೆರೆಯವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಮುಕ್ತಾಬಾಯಿ ಗಂಡನಿಲ್ಲದ ಹೆಣ್ಣುಮಗಳು, ಸ್ವಂತ ಹೊಲ ಮಾಡಿಸುತ್ತಿದ್ದಳು. ಅವಳ ಮಗ ದಿಗಂಬರ ಸಾಲಿಯಲ್ಲಿ ಎಲ್ಲರಿಗಿಂತ ಜಾಣ. ಅವಳ ಜೋಡಿ ಎತ್ತು ಊರಲ್ಲಿ ಎಲ್ಲಕ್ಕಿಂತ ಚೆಂದ. ಬಿಳಿ ಮೈ ಮೇಲೆ ಕರಿ ಮಚ್ಚೆ ಚೆಲ್ಲಿದ ಖಾಸಾ ದೇವಣಿ ತಳಿ. ನಮ್ಮೂರಲ್ಲಿ ಅರ್ಧಕ್ಕರ್ಧ ಎತ್ತುಗಳು ಮಚ್ಚೆಯವೇ.

ಒಂದು ಗುರುವಾರ ಶರಣಬಸಮ್ಮನವರಿಗೂ ಸುಳ್ಳು ಹೊಳೆಯಲಿಲ್ಲ. ಹೊರಗೆ ಮುಕ್ತಾಬಾಯಿಯ ಎತ್ತು ಹೋಗುತ್ತಿದ್ದವು, ಅವನ್ನು ನೋಡಿಯೇ ಕಟ್ಟಿದರು.

"ಮಚ್ಚಿ ಎತ್ತು ಎಲ್ಲಾ ಸರ್ಕಾರದವ್ರು ಲಡಾಯಿಗಿ ಒಯ್ತಾರ ಅಂತ ಹೇಳ್ರಿ. ಮಚ್ಚಿ ಕಂಡ್ರ ವೈರಿ ಕುದ್ರಿ ಬೆದರಿ ಓಡ್ತಾವಂತ. ಇಂಥಾದು ಯಾರ್ ನಂಬ್ತಾರ, ಪಾಟಿ ಹಿಡಿದ ಕೂಸೂ ನಗ್ತದ."

ಅಯ್ಯನವರು ಅದನ್ನು ಹಾಗೇ ಹೇಳಿದರು. ಅದೇ ದಿನ ಚಂದ್ರನಿಗೆ ಸ್ವಂತ ಬೆಳಕಿಲ್ಲ ಎಂದೂ, ಹೈದರಾಬಾದಿನ ನಡುವೆ ಮೂಸಿ ಎಂಬ ಹೊಳೆ ಇದೆ ಎಂದೂ, ಭೂಮಿಯ ಉತ್ತರದ ತುದಿಯಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ ಎಂದೂ ಹೇಳಿದರು. ಈ ಮೂರೂ ಮರಾಠಿ ಭೂಗೋಳದ ಪುಸ್ತಕದಲ್ಲಿದ್ದ ಸತ್ಯಗಳು. ಮಧ್ಯಾಹ್ನದ ಹೊತ್ತಿಗೆ ಔರಾದದಿಂದ ಗಾಡಿ ಬಂತು. ಅಲ್ಲಿ ಭಕ್ತರ ಮನೆಯಲ್ಲಿ ಕೂಸಿಗೆ ಲಿಂಗ ಕಟ್ಟಬೇಕು, ಕಟ್ಟಬೇಕಾದ ಅಯ್ಯನವರು ಜ್ವರ ಬಂದು ಮಲಗಿದ್ದಾರೆ, ಮುಹೂರ್ತ ಮೀರುತ್ತದೆ. ಮಹಾದೇವಯ್ಯನವರು ರುಮಾಲು ಸುತ್ತಿಕೊಂಡು ಗಾಡಿ ಹತ್ತಿಯೇ ಬಿಟ್ಟರು. ಗಾಡಿ ಊರ ಅಗಸಿಬಾಗಿಲು ದಾಟಿದ ಮೇಲೆ ದಿನದ ಸುಳ್ಳನ್ನು ಬಯಲು ಮಾಡಲಿಲ್ಲ ಎಂದು ನೆನಪಾಯಿತು. ಶನಿವಾರ ಹೇಳಿದರಾಯಿತು ಎಂದುಕೊಂಡರು. ನಾಳೆ ಶುಕ್ರವಾರ ರಜೆ.

ಇತ್ತ ಮಕ್ಕಳು ಬೇವಿನ ಗಿಡದ ಕೆಳಗೆ ಕೂತು ತಾವೇ ತನಿಖೆಗೆ ತೊಡಗಿದರು. ಮೂಸಿ ಹೊಳೆಯನ್ನು ದನದ ದಲಾಲಿ ಬಕ್ಕಪ್ಪ ಕಂಡು ಬಂದಿದ್ದಾನೆ, ಆದ್ದರಿಂದ ಖರೆ. ಚಂದ್ರನ ಪಾಠ ಹೋದ ತಿಂಗಳೇ ಆಗಿದೆ, ಆದ್ದರಿಂದ ಖರೆ. ಸೂರ್ಯ ಮುಳುಗುವುದಿಲ್ಲ ಎಂಬ ಮಾತಿಗೆ ಬಂದಾಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ದಿನದ ಸುಳ್ಳು ಸಿಕ್ಕಿತು. ಅಯ್ಯನವರು ಲಿಂಗ ಮುಟ್ಟಿ ಹೇಳಿದ ಪ್ರಕಾರ ಸುಳ್ಳು ಒಂದೇ. ಅಂದರೆ ಉಳಿದದ್ದೆಲ್ಲ ಖರೆ. ಅಂದರೆ ಮಚ್ಚೆಯ ಎತ್ತುಗಳು ಲಡಾಯಿಗೆ ಹೋಗುತ್ತವೆ. ಈ ಕೊನೆಯ ಮೆಟ್ಟಿಲಿಗೆ ಬಂದ ಮೇಲೆ ನಗು ನಿಂತಿತು. ದಿಗಂಬರ ಅಳುತ್ತ ಮನೆಗೆ ಓಡಿದ. ತರ್ಕದಲ್ಲಿ ಒಂದು ಎಳೆಯೂ ತಪ್ಪಿಲ್ಲ ನೋಡಿ. ತಪ್ಪಿಲ್ಲದ್ದರಿಂದಲೇ ಊರು ಮುಳುಗಿತು.

ಶುಕ್ರವಾರ ಸಂಜೆ ಅಯ್ಯನವರು ಮರಳಿ ಬಂದಾಗ ಅಗಸಿಯಲ್ಲೇ ನಿಂತರು. ಊರಲ್ಲಿ ಒಂದು ಮಚ್ಚೆಯ ಎತ್ತೂ ಇಲ್ಲ. ಹಾಲಿನಂಥ ಬಿಳಿ ಎತ್ತುಗಳು ಮಾತ್ರ ಮನೆಮನೆಯ ಮುಂದೆ ಕಟ್ಟಿದ್ದವು. ಎರಡು ದಿನದಲ್ಲಿ ಊರು ಇಷ್ಟು ಸುಧಾರಿಸಿತೇ ಎಂದು ಅವರು ಸಂತೋಷಪಡುತ್ತಿದ್ದಾಗ ಒಂದು ಎತ್ತು ಮೈ ಕೊಡವಿತು. ಗೋಡೆಗೆ ಬಳಿಯುವ ಬಿಳಿ ಮಣ್ಣು ಹಕ್ಕಳೆಯಾಗಿ ಅವರ ರುಮಾಲಿನ ಮೇಲೆ ಬಿತ್ತು. ಆ ಹಕ್ಕಳೆ ಬಿದ್ದ ಜಾಗದಲ್ಲಿ ಕರಿ ಮಚ್ಚೆ ಇಣುಕುತ್ತಿತ್ತು.

ಮನೆಯಲ್ಲಿ ಶರಣಬಸಮ್ಮ ನೀರನ್ನೂ ಕೊಡದೆ ನಡೆದದ್ದನ್ನೆಲ್ಲ ಹೇಳಿದರು. ಊರೆಲ್ಲ ಎತ್ತಿಗೆ ಸಾರಣೆ ಮಾಡಿದೆ. ಮಣ್ಣು ಮಳೆಗೆ ತೊಳೆದು ಹೋಗುತ್ತದೆ, ಸರ್ಕಾರ ಬರುವ ಮುಂಚೆ ಬಂದಷ್ಟಕ್ಕೆ ಮಾರಿಬಿಡು ಎಂದು ದಲಾಲಿ ಬಕ್ಕಪ್ಪ ಮುಕ್ತಾಬಾಯಿಯನ್ನು ಒಪ್ಪಿಸಿದ್ದಾನೆ. ನಾಳೆ ಹೊತ್ತೇರುವ ಮುನ್ನ ಅವಳ ಜೋಡಿ ಉದಗೀರಕ್ಕೆ ಹೊರಡುತ್ತದೆ. ಆಕೆ ಗಂಡನ ಮುಖ ನೋಡಿ ಕೇಳಿದರು.

"ಸುಳ್ಳು ಕಟ್ಟಿದಾಕಿ ನಾ. ಹೇಳಿದವ್ರು ನೀವು. ಆಕಿ ಎತ್ತು ಹೋದ್ರ ಆ ಮನಿ ಉಳಿತದೇನ್ರಿ?"

ಅಯ್ಯನವರು ಕಾಲು ತೊಳೆಯದೆ ಹೊರಟರು. ಮುಕ್ತಾಬಾಯಿಯ ಕಟ್ಟೆಯ ಮೇಲೆ ನಿಂತು, ಅದು ನನ್ನ ಸುಳ್ಳು, ಗುರುವಾರದ ಸುಳ್ಳು ಅದೇ ಎಂದು ಬಿಡಿಸಿ ಬಿಡಿಸಿ ಹೇಳಿದರು. ಮುಕ್ತಾಬಾಯಿ ಮಗನ ಕಡೆ ನೋಡಿದಳು. ಗುರುವಾರದ ಸುಳ್ಳು ಸೂರ್ಯನದು, ಅದು ಹಿಡಿದಾಗಿದೆ ಎಂದು ಮಗ ಹೇಳಿದ. ಸೂರ್ಯನದು ಖರೆ ಎಂದು ಅಯ್ಯನವರು ಅಂದರು. ಮುಕ್ತಾಬಾಯಿಗೆ ಅವರನ್ನು ನೋಡಿ ಕನಿಕರವಾಯಿತು. ಔರಾದದ ಬಿಸಿಲು ತಾಗಿರಬೇಕು ಎಂದು ಮಜ್ಜಿಗೆ ತರಲು ಒಳಗೆ ಹೋದಳು. ಅಷ್ಟರಲ್ಲಿ ಬಕ್ಕಪ್ಪ ಬಂದು, ಹೊತ್ತು ಮುಳುಗದಿದ್ದರೆ ಅಲ್ಲಿಯ ದನ ಮನೆಗೆ ಬರುವುದು ಯಾವಾಗ ಎಂದು ಕೇಳಿದ. ಅಯ್ಯನವರು ಪುಸ್ತಕವನ್ನು ಮನಸ್ಸಿನಲ್ಲೇ ತಿರುವಿಹಾಕಿದರು. ಪುಸ್ತಕದಲ್ಲಿ ದನದ ವಿಷಯ ಇರಲಿಲ್ಲ.

ಶನಿವಾರ ಬೆಳಗ್ಗೆ ಮುಕ್ತಾಬಾಯಿಯ ಎತ್ತುಗಳು ಅಗಸಿಗೆ ಬರುವುದಕ್ಕೂ ಅಮೀನ್ ಸಾಹೇಬರ ಕುದುರೆ ಎದುರಿಗೆ ಬರುವುದಕ್ಕೂ ಸರಿಹೋಯಿತು. ಅಮೀನರು ಆ ಭಾಗದ ಪೊಲೀಸ್ ಅಧಿಕಾರಿ. ಔರಾದದ ಸಂತೆ ಬಂದೋಬಸ್ತಿಗೆ ಹೊರಟಿದ್ದರು. ನಮ್ಮೂರಲ್ಲಿ ಅವರಿಗೆ ಕೆಲಸವೇ ಇರಲಿಲ್ಲ, ಆದರೆ ಅವರ ಕುದುರೆ ಮುಕ್ತಾಬಾಯಿಯ ಎತ್ತಿಗೆ ಮೈ ಉಜ್ಜಿ ಹೋದಾಗ ಸಾಹೇಬರ ಬೂಟು, ಪಾಯಜಾಮ, ಕುದುರೆಯ ಹೊಟ್ಟೆ ಎಲ್ಲವೂ ಬೆಳ್ಳಗಾದವು. ಸಾಹೇಬರು ಕೈಯಿಂದ ಎತ್ತಿನ ಬೆನ್ನು ಒರೆಸಿ ನೋಡಿದರು. ಎತ್ತಿಗೆ ಬಣ್ಣ ಬಳಿಯುವವರು ದನಗಳ್ಳರು ಮಾತ್ರ ಎಂದು ಅವರ ಇಡೀ ನೌಕರಿ ಅವರಿಗೆ ಕಲಿಸಿತ್ತು. ತಲೆ ಎತ್ತಿ ನೋಡಿದರೆ ಇಡೀ ಊರೇ ದನಗಳ್ಳರದ್ದು.

ಎಲ್ಲರನ್ನೂ ಚಾವಡಿಗೆ ಕರೆಸಿದರು. ಬಕ್ಕಪ್ಪ ಮುಂದೆ ಬಂದು, ಕಳ್ಳತನ ಅಲ್ಲ ಸರ್ಕಾರ್, ನೀವು ಎತ್ತು ಒಯ್ಯಲು ಬರುತ್ತೀರೆಂದು ಅಂಜಿ ಮುಚ್ಚಿಟ್ಟಿದ್ದೇವೆ, ಮಚ್ಚೆ ಎತ್ತಿನ ಹುಕುಮು ನಮಗೂ ಗೊತ್ತಾಗಿದೆ ಎಂದು ಒಪ್ಪಿಕೊಂಡ. ಸಾಹೇಬರು ಮೀಸೆಯ ಮೇಲೆ ಬೆರಳಿಟ್ಟರು. ಅವರಿಗೆ ಅಂಥ ಹುಕುಮು ಬಂದಿರಲಿಲ್ಲ. ಆದರೆ ಹೋದ ತಿಂಗಳು ಇನ್ನೊಂದು ಹುಕುಮು ಅವರಿಗೆ ತಲುಪದೆಯೇ ಜಾರಿಯಾಗಿ, ಅದು ಗೊತ್ತಿಲ್ಲದ್ದಕ್ಕೆ ಮೇಲಿನವರಿಂದ ಬೈಸಿಕೊಂಡಿದ್ದರು. ಹಳ್ಳಿಯ ದಲಾಲಿಗೆ ಗೊತ್ತಿರುವುದು ಅಮೀನನಿಗೆ ಗೊತ್ತಿಲ್ಲ ಎನ್ನುವುದು ಹೇಗೆ? ಅವರು ಗಂಟಲು ಸರಿಮಾಡಿಕೊಂಡು, ಹಾಂ, ಹುಕುಮು ಇದೆ, ಅದಕ್ಕಾಗಿಯೇ ಬಂದಿದ್ದೇನೆ, ಎತ್ತುಗಳನ್ನೆಲ್ಲ ತೊಳೆದು ತನ್ನಿ ಎಂದರು.

ಹೀಗೆ ಶರಣಬಸಮ್ಮನವರು ರೊಟ್ಟಿಯ ಜೊತೆ ಬೇಯಿಸಿದ ಮಾತು ಸರ್ಕಾರದ ಹುಕುಮಾಯಿತು. ಹೆಂಗಸರು ಅಳತೊಡಗಿದರು. ಸಾಹೇಬರಿಗೆ ಇನ್ನೊಂದು ಸಂಶಯ ಬಂತು. ತನಗೇ ಬಾರದ ಗುಟ್ಟಿನ ಸುದ್ದಿ ಈ ಊರಿಗೆ ಮೊದಲು ಮುಟ್ಟಿಸಿದವರು ಯಾರು? ಊರಿನವರೆಲ್ಲ ಒಟ್ಟಿಗೆ ಮಠದ ಕಡೆ ಕೈ ತೋರಿಸಿದರು.

ಅಯ್ಯನವರನ್ನು ಕರೆತಂದಾಗ ಅವರ ಕಾಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ. ಅವರ ಪರಿಸ್ಥಿತಿಯನ್ನು ನೀವೇ ತೂಗಿ ನೋಡಿ. ಹುಕುಮು ಖರೆ ಎಂದರೆ ಸರ್ಕಾರದ ಗುಟ್ಟು ಬಯಲು ಮಾಡಿದ ತಪ್ಪು. ಸುಳ್ಳು ಎಂದರೆ ಲಡಾಯಿಯ ಕಾಲದಲ್ಲಿ ಸುಳ್ಳು ಸುದ್ದಿ ಹಬ್ಬಿಸಿದ ತಪ್ಪು, ಜೊತೆಗೆ ಹುಕುಮು ಇದೆ ಎಂದ ಸಾಹೇಬರನ್ನೇ ಸುಳ್ಳುಗಾರ ಎಂದಂತೆ. ಎರಡು ದಾರಿಯ ತುದಿಗೂ ಪರವಾನಗಿ ಇಲ್ಲದ ಸಾಲಿ ಕಾಣುತ್ತಿತ್ತು. ಸುಮ್ಮನೆ ತಲೆ ತಗ್ಗಿಸಿ ನಿಂತರೆ ಸಾಲಿ ಉಳಿದರೂ ಉಳಿದೀತು. ಮುಕ್ತಾಬಾಯಿ ಒದ್ದೆ ಎತ್ತಿನ ಕೊರಳಿಗೆ ತೋಳು ಹಾಕಿ ನಿಂತಿದ್ದಳು. ಅದನ್ನು ನೋಡಿದ ಮೇಲೆ ಅಯ್ಯನವರ ಬಾಯಿ ತಾನಾಗಿ ತೆರೆಯಿತು.

"ಸಾಹೇಬ್ರ, ಅದು ನಂದು ಸುಳ್ಳದರಿ. ಮಕ್ಕಳಿಗಿ ಖರೆ ಸುಳ್ಳ ಆರ್ಸೋದು ಕಲ್ಸಾಕ ದಿನಾ ಒಂದು ಸುಳ್ಳ ಹೇಳ್ತಿದ್ದೆರಿ."

ಸಾಹೇಬರು ಇಂಥ ಕಬೂಲಿಯನ್ನು ಎಂದೂ ಕೇಳಿರಲಿಲ್ಲ. ಸುಳ್ಳು ಕಲಿಸುವ ಸಾಲಿ ಇದೆಯೇ ಎಂದು ಮಕ್ಕಳನ್ನೇ ಕರೆಸಿ ಕೇಳಿದರು. ಮಕ್ಕಳು ಗುರುಗಳ ಮಾನ ಕಾಯಲು ಸಾಲಾಗಿ ನಿಂತರು. ನಮ್ಮ ಅಯ್ಯನವರು ಲಿಂಗ ಮುಟ್ಟಿದವರು, ದಿನಕ್ಕೆ ಒಂದಕ್ಕಿಂತ ಹೆಚ್ಚು ಸುಳ್ಳು ಹೇಳುವವರಲ್ಲ, ಗುರುವಾರದ್ದು ಸೂರ್ಯ ಮುಳುಗದ ಸುಳ್ಳು ಎಂದು ಒಂದೇ ದನಿಯಲ್ಲಿ ಒಪ್ಪಿಸಿದರು. ಹಾಗಾದರೆ ಈಗ ಹೇಳಿದ್ದು ಏನು ಎಂದು ಸಾಹೇಬರು ಕೇಳಿದರು. ದಿಗಂಬರ ಸ್ವಲ್ಪ ಯೋಚಿಸಿದ.

"ಇವತ್ತಿಂದು ಇನ್ನಾ ಹೇಳಿದ್ದಿಲ್ರಿ. ಇದೇ ಇರಬೇಕು."

ತಮ್ಮ ಹುಕುಮು ಉಳಿಯಿತೆಂದು ಅಮೀನರು ನಿರಾಳವಾಗಿ ಉಸಿರುಬಿಟ್ಟರು. ಅಯ್ಯನವರು ದಿಕ್ಕುತಪ್ಪಿದರು. ಸೂರ್ಯ ಮುಳುಗುವುದಿಲ್ಲ ಎಂದು ಸಾಬೀತು ಮಾಡದೆ ಎತ್ತು ಉಳಿಯುವಂತಿಲ್ಲ. ಚಾವಡಿಯ ನೆಲದ ಮೇಲೆ ಒಂದು ಸೋರೆಕಾಯಿ ಇಟ್ಟು, ಅದೇ ಭೂಮಿ ಎಂದು, ಕಂದೀಲು ಹಿಡಿದು ಅದರ ಸುತ್ತ ತಿರುಗಿದರು. ಊರವರು ದಾರಿ ಬಿಟ್ಟು ನಿಂತರು. ಸಾಹೇಬರು ಸೋರೆಕಾಯಿಯನ್ನು ತಾಳ್ಮೆಯಿಂದ ನೋಡಿದರು. ಕೊನೆಗೆ, ಅಲ್ಲಿ ರಂಜಾನು ಬಂದರೆ ರೋಜಾ ಬಿಡುವುದು ಯಾವಾಗ ಎಂದು ಕೇಳಿದರು. ಪ್ರಶ್ನೆ ನ್ಯಾಯವಾಗಿತ್ತು. ಅಯ್ಯನವರು ಕಂದೀಲು ಕೆಳಗಿಟ್ಟು ಸೋರೆಕಾಯಿಯ ಪಕ್ಕದಲ್ಲೇ ಕುಸಿದು ಕೂತರು. ಅವರ ಕಣ್ಣಲ್ಲಿ ನೀರು ಬಂತು, ಅಲ್ಲೇ ನಿಂತಿದ್ದ ನನಗೂ ಆಗ ನಗು ಬರಲಿಲ್ಲ.

ಕೂತಲ್ಲಿಂದಲೇ ಅವರು ದಿಗಂಬರನನ್ನು ಹತ್ತಿರ ಕರೆದರು.

"ನಾ ತಪ್ಪ ಕಲ್ಸೀನಿ ತಮ್ಮಾ. ನನ್ನ ಮಾತು ಹಿಡ್ಕೊಂಡು ಲೆಕ್ಕ ಹಾಕಬ್ಯಾಡ. ನೋಡಿದವ್ರು ಯಾರ್ ಅಂತ ಕೇಳು."

ದಿಗಂಬರ ಹೇಳಿದ್ದನ್ನು ಮಾಡುವ ಹುಡುಗ. ಮೊದಲು ಅಯ್ಯನವರನ್ನೇ ಕೇಳಿದ. ಹುಕುಮನ್ನು ಅವರು ನೋಡಿರಲಿಲ್ಲ. ಮುಳುಗದ ಸೂರ್ಯನನ್ನೂ ನೋಡಿರಲಿಲ್ಲ, ಪುಸ್ತಕ ನೋಡಿದ್ದರು. ಬಕ್ಕಪ್ಪನನ್ನು ಕೇಳಿದ. ಬಕ್ಕಪ್ಪ ಮುಕ್ತಾಬಾಯಿಯಿಂದ ಕೇಳಿದ್ದ. ತಾಯಿಯನ್ನು ಕೇಳಿದ. ಅವಳು ಅವನಿಂದಲೇ ಕೇಳಿದ್ದಳು. ಹೀಗೆ ಕೇಳುತ್ತ ಕೇಳುತ್ತ ಸಾಲು ಮುಗಿದು, ಹುಡುಗ ಸಾಹೇಬರ ಕುರ್ಚಿಯ ಮುಂದೆ ಬಂದು ನಿಂತ. ಮುಕ್ತಾಬಾಯಿ ಎತ್ತಿನ ಹಗ್ಗ ಬಿಟ್ಟು ಮಗನ ಅಂಗಿ ಹಿಡಿಯಲು ಕೈ ಚಾಚಿದಳು, ಕೈಗೆ ಸಿಗಲಿಲ್ಲ. ದಿಗಂಬರ ನೆಟ್ಟಗೆ ನಿಂತು ಕೈಮುಗಿದ.

"ಸಾಹೇಬ್ರ, ಹುಕುಮ್ ನೀವು ನೋಡೀರೇನ್ರಿ?"

ಅಮೀನರ ಮೀಸೆ ಅಲುಗಿತು. ಕೈ ಚಾಬೂಕಿನ ಮೇಲೆ ಹೋಯಿತು. ಕುದುರೆಯ ಸಪ್ಪಳಕ್ಕೇ ಭಜನೆಗೆ ಇಳಿಯುತ್ತಿದ್ದ ಮಹಾದೇವಯ್ಯನವರು ಎದ್ದು ಬಂದು ಹುಡುಗನ ಮುಂದೆ ನಿಂತುಬಿಟ್ಟರು.

"ಪೋರಂದು ತಪ್ಪಿಲ್ರಿ. ಕೇಳು ಅಂದವ ನಾ. ಹೊಡಿಯೋದಿದ್ರ ನನಗ ಹೊಡೀರಿ. ಆದ್ರ ಕೇಳಿದ್ದಕ್ಕ ಜವಾಬ್ ಕೊಟ್ಟು ಹೊಡೀರಿ."

ಇಷ್ಟು ದೊಡ್ಡ ಮಾತು ಆಡಿದವರು ತಾವೇ ಎಂದು ತಿಳಿದ ಕೂಡಲೇ ಅವರ ಕಣ್ಣು ಚಾವಡಿಯ ಬಾಗಿಲನ್ನು ಹುಡುಕಿತು. ಆದರೂ ಅಲ್ಲಿಂದ ಸರಿಯಲಿಲ್ಲ. ಸಾಹೇಬರು ಅವರನ್ನು ನೋಡಿದರು, ಹುಡುಗನನ್ನು ನೋಡಿದರು, ತಮ್ಮ ಬೆಳ್ಳಗಾದ ಬೂಟನ್ನು ನೋಡಿದರು. ನೀರು ತರಿಸಿ ಕುಡಿದರು. ಕೆಟ್ಟ ಮನುಷ್ಯರಲ್ಲ ಅವರು, ನೌಕರಿಯ ಚಿಂತೆ ಅವರಿಗೂ ಇತ್ತು. ಆಮೇಲೆ ಎದ್ದು, ಉದಗೀರಕ್ಕೆ ಹೋಗಿ ದಫ್ತರದಲ್ಲಿ ನೋಡುತ್ತೇನೆ, ಅಲ್ಲಿಯ ತನಕ ಯಾರ ಎತ್ತೂ ಎಲ್ಲೂ ಹೋಗುವುದು ಬೇಡ, ಮಾರುವುದೂ ಬೇಡ ಎಂದರು. ಕುದುರೆ ಹತ್ತಿದ ಮೇಲೆ ತಿರುಗಿ ಅಯ್ಯನವರಿಗೆ, ನಿನ್ನ ಸಾಲಿ ಇವತ್ತಿನಿಂದ ಬಂದ್ ಎಂದು ಹೇಳಿ ಹೋದರು.

ಮುಕ್ತಾಬಾಯಿ ಅಯ್ಯನವರ ಕಾಲಿಗೆ ಬಿದ್ದಳು. ಅವರು ಆಶೀರ್ವಾದ ಮಾಡಲು ಮರೆತು ದಾರಿಯನ್ನೇ ನೋಡುತ್ತಿದ್ದರು.

ಭಾನುವಾರ ಬೆಳಗ್ಗೆ ಶರಣಬಸಮ್ಮ ಸಾಲಿಯ ಚಾಪೆಗಳನ್ನು ಸುತ್ತುತ್ತಿದ್ದರು. ಅಯ್ಯನವರು ಕಂಬಕ್ಕೆ ಒರಗಿ ಕೂತಿದ್ದರು. ಊಟ ಮಾಡಿರಲಿಲ್ಲ. ಅಷ್ಟರಲ್ಲಿ ಪಾಟಿ ಹಿಡಿದು ಮಕ್ಕಳು ಬಂದರು, ಒಬ್ಬರೂ ತಪ್ಪಿಸಿರಲಿಲ್ಲ. ಸಾಲಿ ಬಂದ್ ಆಗಿದೆ, ಸರ್ಕಾರದ ಹುಕುಮಾಗಿದೆ, ಮನೆಗೆ ಹೋಗಿರೆಂದು ಅಯ್ಯನವರು ಹೇಳಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹುಕುಮ್ ನೋಡೀರೇನ್ರಿ?" ಎಂದು ದಿಗಂಬರ ಕೇಳಿದ.

ನೋಡಿಲ್ಲ, ಬಾಯಿಂದ ಹೇಳಿದ್ದಾರೆ ಎಂದರು ಅಯ್ಯನವರು. ಹಾಗಾದರೆ ಕಾಗದ ಬರಲಿ, ಓದಿ ನೋಡೋಣ ಎಂದು ಮಕ್ಕಳು ಶರಣಬಸಮ್ಮನವರ ಕೈಯಿಂದ ಚಾಪೆ ಇಸಿದುಕೊಂಡು ಹಾಸಿ ಕೂತೇಬಿಟ್ಟರು. ಅಯ್ಯನವರಿಗೆ ಹೊಸ ಭಯ ಹುಟ್ಟಿತು. ಸರ್ಕಾರದ ಕಾಗದ ಬಂದರೆ ಉರ್ದುವಿನಲ್ಲಿ ಬರುತ್ತದೆ. ಇಲ್ಲಿ ಓದುವವರು ಯಾರು? ಅವರಿಗೇ ಮೊದಲ ಒಂದೆರಡು ಅಕ್ಷರ ಬಿಟ್ಟರೆ ಮುಂದೆ ಬಾರದು. ದಾರಿ ಕಾಣುವಂತೆ ಮುಖ ಮಾಡಿ ಕೂತು, ಕಿವಿಯನ್ನು ಕುದುರೆಯ ಸಪ್ಪಳಕ್ಕೆ ಇಟ್ಟು, ಪಾಟಿಯ ಮೇಲೆ ಒಂದು ಗೆರೆ ಎಳೆದು ಇದು ಮೊದಲ ಅಕ್ಷರ ಅಲಿಫ್ ಎಂದರು. ಗೆರೆ ಡೊಂಕಾಗಿತ್ತು.

"ಇದು ಡೊಂಕೇ ಇರ್ತದೇನ್ರಿ?" ಎಂದು ಹಿಂದಿನಿಂದ ಒಬ್ಬ ಕೇಳಿದ.

"ಇಲ್ಲಪ್ಪಾ. ನೆಟ್ಟಗ ಇರ್ತದ. ನನ್ನ ಕೈ ಅಂಜ್ಯದ" ಎಂದರು ಅಯ್ಯನವರು.

ಮಕ್ಕಳು ತಮ್ಮ ತಮ್ಮ ಪಾಟಿಯ ಮೇಲೆ ಅದನ್ನು ನೆಟ್ಟಗೆ ಬರೆದುಕೊಂಡರು.